ಪಕ್ಷ ಬರೆಸದ ಮತದಾರರಿಗೆ ಅಮೆರಿಕದ ಪ್ರೈಮರಿಯಲ್ಲಿ ಮತ ಉಂಟೆ?

ಪ್ರಶ್ನೆ: ಮಗ ಫಿಲಡೆಲ್ಫಿಯಾದಲ್ಲಿದ್ದಾನೆ, ಅಮೆರಿಕದ ಪೌರತ್ವ ಪಡೆದಿದ್ದಾನೆ. ಮತದಾರರ ಪಟ್ಟಿಗೆ ಸೇರುವಾಗ ಯಾವ ಪಕ್ಷದ ಹೆಸರನ್ನೂ ಬರೆಸಲಿಲ್ಲ. ಮೇ ತಿಂಗಳ ಪ್ರೈಮರಿಯಲ್ಲಿ ಮೇಯರ್ ಅಭ್ಯರ್ಥಿಗೆ ಮತ ಹಾಕಲು ಬಿಡಲಿಲ್ಲವಂತೆ. ಏಕೆ?

ಉತ್ತರ: ನಮ್ಮಲ್ಲಿ ಬಿ ಫಾರಂ ಯಾರಿಗೆಂದು ಹೈಕಮಾಂಡ್ ತೀರ್ಮಾನಿಸುತ್ತದೆ. ಅಲ್ಲಿ ಮತದಾರರೇ ಪ್ರೈಮರಿ ಎಂಬ ಮೊದಲ ಸುತ್ತಿನ ಮತದಾನದಲ್ಲಿ ತೀರ್ಮಾನಿಸುತ್ತಾರೆ. ಯಾವ ಮತದಾರರು ಎಂಬುದು ಮಾತ್ರ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದ್ದು ಮುಚ್ಚಿದ ಪ್ರೈಮರಿ: ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಆ ಪಕ್ಷದ ಹೆಸರಲ್ಲಿ ನೋಂದಾಯಿಸಿದವರೇ ಆರಿಸಬೇಕು, ರಿಪಬ್ಲಿಕನ್ ಪಕ್ಷಕ್ಕೂ ಹಾಗೆಯೇ.

ಫಿಲಡೆಲ್ಫಿಯಾದಲ್ಲಿ ಇದರ ಪೆಟ್ಟು ಜೋರು. 1952ರಿಂದ ಅಲ್ಲಿನ ಮೇಯರ್‌ಗಳೆಲ್ಲ ಡೆಮಾಕ್ರಟರೇ ಆದ್ದರಿಂದ ನಿಜವಾದ ಪೈಪೋಟಿ ಮೇ ತಿಂಗಳಲ್ಲೇ ಮುಗಿದಿರುತ್ತದೆ. ಆ ಪ್ರೈಮರಿ ನಡೆಯುವುದು ಸಾರ್ವಜನಿಕರ ಹಣದಲ್ಲಿ, ನಿಮ್ಮ ಮಗನ ತೆರಿಗೆಯೂ ಅದರಲ್ಲಿದೆ. ಖರ್ಚಿಗೆ ಬೇಕಾದವನು ಆಯ್ಕೆಗೆ ಬೇಡ ಎನ್ನುವುದು ನ್ಯಾಯವಲ್ಲ ಎಂದೇ ನಾವು ಭಾವಿಸುತ್ತೇವೆ.

ಕಾನೂನು ಬದಲಾಗುವವರೆಗೆ ಒಂದು ದಾರಿ ಇದೆ. ಪ್ರೈಮರಿಗೆ ಕನಿಷ್ಠ 15 ದಿನ ಮೊದಲು ರಾಜ್ಯದ ಮತದಾರರ ನೋಂದಣಿ ಜಾಲತಾಣದಲ್ಲಿ ಪಕ್ಷದ ಕಾಲಂ ತಿದ್ದಿಸಲಿ. ಇದಕ್ಕೆ ಚಂದಾ ಇಲ್ಲ, ಕಟ್ಟುಪಾಡೂ ಇಲ್ಲ. ನವೆಂಬರಿನ ಅಂತಿಮ ಚುನಾವಣೆಯಲ್ಲಿ ಯಾರಿಗೆ ಬೇಕಾದರೂ ಮತ ಹಾಕಬಹುದು, ಪ್ರೈಮರಿ ಮುಗಿದ ಮೇಲೆ ಪಕ್ಷದ ಹೆಸರನ್ನು ತೆಗೆಸಲೂಬಹುದು. ನ್ಯೂಯಾರ್ಕಿನಲ್ಲಿದ್ದರೆ ಇಷ್ಟು ಸಲೀಸಲ್ಲ: ಜೂನ್ ಪ್ರೈಮರಿಗೆ ಪಕ್ಷ ಬದಲಿಸುವ ಅರ್ಜಿ ಫೆಬ್ರುವರಿ 14ರೊಳಗೆ ತಲುಪಿರಬೇಕು. ಕಣದ ಚಿತ್ರ ಸ್ಪಷ್ಟವಾಗುವ ಮೊದಲೇ ಅಲ್ಲಿ ಬಾಗಿಲು ಹಾಕಿಬಿಡುತ್ತಾರೆ.

ಇನ್ನೊಂದು ಮಾತು. ಪೆನ್ಸಿಲ್ವೇನಿಯಾದಲ್ಲಿ ಪ್ರೈಮರಿ ದಿನವೇ ರಾಜ್ಯ ಸಂವಿಧಾನದ ತಿದ್ದುಪಡಿಯಂಥ ಪ್ರಶ್ನೆ ಮತಕ್ಕೆ ಬಂದರೆ, ಅದಕ್ಕೆ ಪಕ್ಷ ಬರೆಸದವರೂ ಮತ ಹಾಕಬಹುದು. ನಮಗಲ್ಲ ಎಂದುಕೊಂಡು ಮನೆಯಲ್ಲೇ ಉಳಿದವರು ಆ ಹಕ್ಕನ್ನೂ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ಪ್ರೈಮರಿಯ ಬಾಗಿಲು ತೆರೆದರೆ ಎದುರಾಳಿಗಳು ನುಗ್ಗಿ ದುರ್ಬಲ ಅಭ್ಯರ್ಥಿಯನ್ನು ಆರಿಸಿಬಿಡುವುದಿಲ್ಲವೆ?

ಉತ್ತರ: ಬಾಗಿಲನ್ನು ಎಷ್ಟು ತೆರೆಯುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. ಕೊಲರಾಡೊದಲ್ಲಿ 2016ರ ಜನಮತದ ನಂತರ ಪಕ್ಷ ಬರೆಸದವರಿಗಷ್ಟೇ ಅವಕಾಶ ಸಿಕ್ಕಿತು, ಎದುರು ಪಕ್ಷದಲ್ಲಿ ನೋಂದಾಯಿಸಿದವರು ಈಚೆ ಬರುವಂತಿಲ್ಲ. ಅಂಚೆಯಲ್ಲಿ ಎರಡೂ ಪಕ್ಷಗಳ ಮತಪತ್ರ ಮನೆಗೆ ಬರುತ್ತವೆ, ಒಂದನ್ನು ಮಾತ್ರ ತುಂಬಿ ಕಳಿಸಬೇಕು. ಎಡವುವುದು ಇಲ್ಲೇ: ಎರಡನ್ನೂ ತುಂಬಿ ಕಳಿಸಿದರೆ ಯಾವುದೂ ಎಣಿಕೆಗೆ ಬರುವುದಿಲ್ಲ. ನಮ್ಮ ಕಣ್ಣಿಗೆ ಇದೇ ಹದವಾದ ಏರ್ಪಾಟು.

ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿ, ಎಲ್ಲ ಮತದಾರರಿಗೂ ಎಲ್ಲ ಅಭ್ಯರ್ಥಿಗಳಿರುವ ಪ್ರೈಮರಿ ಮತಪತ್ರ ಕೊಟ್ಟಿತ್ತು. ಪಕ್ಷಗಳ ಸಂಘಟನಾ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. 2010ರಲ್ಲಿ ಜನ ಒಪ್ಪಿದ ಹೊಸ ಪದ್ಧತಿಯಲ್ಲಿ ಪಕ್ಷದ ಟಿಕೆಟ್ ಎಂಬುದೇ ಇಲ್ಲ. ಎಲ್ಲರೂ ಒಂದೇ ಕಣದಲ್ಲಿ, ಮೊದಲಿಬ್ಬರು ನವೆಂಬರಿಗೆ. ಅಧ್ಯಕ್ಷ ಹುದ್ದೆಯ ಪ್ರೈಮರಿ ಇದರ ಹೊರಗೆ. ಮತ ಹಂಚಿಹೋಗುವುದು ಇದರ ದೊಡ್ಡ ಕಾಟ. 2012ರಲ್ಲಿ ಅಲ್ಲಿನ 31ನೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರ ಡೆಮಾಕ್ರಟರತ್ತ ವಾಲಿತ್ತು. ನಾಲ್ವರು ಡೆಮಾಕ್ರಟರು ನಿಂತು ಮತ ಚದುರಿತು, ಇಬ್ಬರು ರಿಪಬ್ಲಿಕನ್ನರೇ ಮುಂದಕ್ಕೆ ಹೋದರು. ನವೆಂಬರಿನಲ್ಲಿ ಆ ಕ್ಷೇತ್ರದ ಡೆಮಾಕ್ರಟ್ ಮತದಾರರಿಗೆ ತಮ್ಮವರೊಬ್ಬರೂ ಸಿಗಲಿಲ್ಲ.

ಪ್ರಶ್ನೆ: ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ತಂಗಿಯೂ ಪಕ್ಷ ಬರೆಸಿಲ್ಲ. ಅವಳ ಗತಿ?

ಉತ್ತರ: ಪೌರತ್ವ ಇದ್ದು ಹೆಸರು ಪಟ್ಟಿಯಲ್ಲಿದ್ದರೆ ಪ್ರೈಮರಿ ದಿನ ಮತಗಟ್ಟೆಯಲ್ಲೇ ಪಕ್ಷ ಆರಿಸಬಹುದು. ಆದರೆ ಆ ಕ್ಷಣದಿಂದ ಅವರು ಆ ಪಕ್ಷದವರೆಂದೇ ದಾಖಲೆಯಲ್ಲಿ ಉಳಿಯುತ್ತಾರೆ. ಮುಂದಿನ ಪ್ರೈಮರಿಯಲ್ಲಿ ಬೇರೆ ಪಕ್ಷ ಬೇಕೆಂದರೆ 55 ದಿನ ಮೊದಲೇ ಪಕ್ಷ ಘೋಷಣೆಯ ಫಾರಂ ಸಲ್ಲಿಸಬೇಕು.