ಉಗಿಬಂಡಿಯ ಪಾರಂಪರಿಕ ರೈಲುಮಾರ್ಗಗಳು ಡೀಸೆಲ್ ಎಂಜಿನ್‌ಗಳನ್ನೂ ಏಕೆ ಇಟ್ಟುಕೊಳ್ಳುತ್ತವೆ?

ಮುಖ್ಯ ಕಾರಣ, ಡೀಸೆಲ್ ಎಂಜಿನ್ ಕರೆದ ಕೂಡಲೇ ಕೆಲಸಕ್ಕೆ ಬರುತ್ತದೆ. ಉಗಿ ಎಂಜಿನ್ ಬರುವುದಿಲ್ಲ.

ತಣ್ಣಗಿರುವ ಬಾಯ್ಲರನ್ನು ಅವಸರದಲ್ಲಿ ಕಾಯಿಸುವಂತಿಲ್ಲ. ಅದರ ಲೋಹ ಒಂದೆಡೆ ಬೇಗ, ಇನ್ನೊಂದೆಡೆ ನಿಧಾನವಾಗಿ ಹಿಗ್ಗಿದರೆ ಕೊಳವೆಗಳ ಜೋಡಣೆ ಸಡಿಲವಾಗಿ ನೀರು ಸೋರುತ್ತದೆ. ಹೀಗಾಗಿ ಬೆಂಕಿ ಹಾಕಿ ಕೆಲವು ಗಂಟೆ ಕಾಯಲೇಬೇಕು. ಹಳಿ ದುರಸ್ತಿಗೆ ಜಲ್ಲಿ ಸಾಗಿಸಲು, ಬೋಗಿಗಳನ್ನು ಅತ್ತಿತ್ತ ಸರಿಸಲು, ದಾರಿಯಲ್ಲಿ ಕೆಟ್ಟು ನಿಂತ ರೈಲನ್ನು ಎಳೆದು ತರಲು ಅಷ್ಟು ಹೊತ್ತು ಕಾಯುವವರು ಯಾರು? ಒಣ ಬೇಸಿಗೆಯಲ್ಲಿ ಉಗಿ ಎಂಜಿನ್ನಿನ ಕಿಡಿ ಹಾರಿ ಹುಲ್ಲಿಗೆ ಬೆಂಕಿ ತಗಲುವ ಭಯವೂ ಇದೆ.

ಆದರೆ ಡೀಸೆಲ್ ಎಂಜಿನ್‌ಗಳು ಬರಿಯ ಬದಲಿ ಆಳುಗಳಲ್ಲ. ವೇಲ್ಸ್‌ನ ಫೆಸ್ಟಿನಿಯಾಗ್ ರೈಲುಮಾರ್ಗವನ್ನೇ ನೋಡಿ. ಹಳಿಗಳ ಅಂತರ ಎರಡು ಅಡಿಗೂ ತುಸು ಕಡಿಮೆ. ಅಲ್ಲಿನ ‘ಮೊಯಲ್ವಿನ್’ 1918ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ ಮೊದಲ ಮಹಾಯುದ್ಧದ ಕೆಲಸಕ್ಕೆಂದು ತಯಾರಾದ ಪೆಟ್ರೋಲ್ ಎಂಜಿನ್. ಡೀಸೆಲ್ ಯಂತ್ರ ಕೂರಿಸಿದ್ದು ಆಮೇಲೆ. 1946ರಲ್ಲಿ ಮುಚ್ಚಿದ್ದ ಆ ಮಾರ್ಗ 1955ರಲ್ಲಿ ಮತ್ತೆ ತೆರೆದಾಗ ಮೊದಲ ಪ್ರಯಾಣಿಕ ರೈಲನ್ನು ಎಳೆದದ್ದೂ ಅಂಥದೇ ಯುದ್ಧಕಾಲದ ಇನ್ನೊಂದು ಪುಟ್ಟ ಪೆಟ್ರೋಲ್ ಎಂಜಿನ್. ಫೋಟೋ ತೆಗೆಯುವವರು ಮಾತ್ರ ಇವುಗಳತ್ತ ತಿರುಗಿ ನೋಡುವುದು ಕಡಿಮೆ.

ವಿದ್ಯುತ್ ಎಂಜಿನ್‌ಗಳು ಇಂಥ ಕಡೆ ಅಪರೂಪ: ಮಾರ್ಗದುದ್ದಕ್ಕೂ ತಂತಿ ಎಳೆಯುವ ಖರ್ಚನ್ನು ಚಿಕ್ಕ ಸಂಸ್ಥೆಗಳು ಹೊರಲಾರವು.