ಗ್ಯಾಲಕ್ಟೊಮ್ಯಾನನ್ ಎರಡು ಬಾರಿ ನೆಗೆಟಿವ್: ಫಂಗಸ್ ಹಿಡಿಯಲು ಮುಂದೆ ಯಾವ ರಕ್ತಪರೀಕ್ಷೆ ಮಾಡಿಸಬೇಕು?

ಕೀಮೋಥೆರಪಿಯ ನಂತರ ಇಳಿಯದ ಜ್ವರ, ಶ್ವಾಸಕೋಶದಲ್ಲಿ ಗಂಟು, ಚರ್ಮದ ಮೇಲೊಂದು ಹೊಸ ಗುಳ್ಳೆ; ಫಂಗಸ್ ಗೋಡೆಯ ಅಂಶವನ್ನು ರಕ್ತದಲ್ಲಿ ಹುಡುಕುವ ಗ್ಯಾಲಕ್ಟೊಮ್ಯಾನನ್ ಪರೀಕ್ಷೆ ಮಾತ್ರ ನೆಗೆಟಿವ್. ತರಬೇತಿಯ ದಿನಗಳಲ್ಲಿ ನನ್ನ ಮುಂದಿದ್ದ ರೋಗಿಯನ್ನೇ ನೀವು ವರ್ಣಿಸಿದ್ದೀರಿ.

ಅವರಿಗೆ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಒಂದು ಬಗೆಯ ರಕ್ತದ ಕ್ಯಾನ್ಸರ್. ಬಿಳಿರಕ್ತಕಣಗಳು ನೆಲಕಚ್ಚಿದ್ದವು. ಮೊಣಕಾಲಿನ ಕೆಳಗೆ ಕೆಂಪು ಗಂಟೊಂದು ಎದ್ದಿತು. ಮುಟ್ಟಿದರೆ ನೋವು, ನಡುವೆ ಕಪ್ಪಾಗತೊಡಗಿತ್ತು. ಬಯಾಪ್ಸಿ ಮಾಡಿದವಳು ನಾನೇ. ತೆಗೆದ ತುಣುಕನ್ನು ಇಡಿಯಾಗಿ ಫಾರ್ಮಲಿನ್ ಡಬ್ಬಿಗೆ ಹಾಕಿಬಿಟ್ಟೆ.

ಕೆಟ್ಟದ್ದು ಅಲ್ಲೇ. ಫಾರ್ಮಲಿನ್ ಅಂಗಾಂಶದ ಆಕಾರವನ್ನು ಕಾಪಾಡುತ್ತದೆ, ಫಂಗಸನ್ನು ಕೊಲ್ಲುತ್ತದೆ. ಸತ್ತದ್ದು ಕಲ್ಚರಿನಲ್ಲಿ, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬೆಳೆಯುವುದಿಲ್ಲ. ಡಿಎನ್‌ಎಯೂ ಹಾಳಾಗುವುದರಿಂದ ಆಮೇಲೆ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನಿಂದ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡಿಸಿದರೂ ಉತ್ತರ ಖಾತ್ರಿಯಿಲ್ಲ. ಅರ್ಧ ತುಣುಕನ್ನು ಸ್ಟೆರೈಲ್ ಸಲೈನಿನಲ್ಲಿ ಹಾಕಿ ಮೈಕ್ರೊಬಯಾಲಜಿಗೆ ಕಳಿಸಿದ್ದರೆ ಸಾಕಿತ್ತು. ಟ್ರೇಯಲ್ಲಿ ಇದ್ದದ್ದು ಒಂದೇ ಡಬ್ಬಿ; ಇನ್ನೊಂದು ಕೊಡಿ ಎಂದು ನಾನು ಕೇಳಲಿಲ್ಲ.

ಅಡ್ಡಗೋಡೆಗಳಿರುವ, ಕಿರುಕೋನದಲ್ಲಿ ಕವಲೊಡೆದ ಎಳೆಗಳಿವೆ, ಆಸ್ಪರ್ಜಿಲಸ್ ಎಂಬ ಫಂಗಸ್ ಇರಬಹುದು ಎಂದು ಪೆಥಾಲಜಿ ವರದಿ ಬಂತು. ಸ್ಲೈಡಿನಲ್ಲಿ ಫ್ಯುಸೇರಿಯಂ, ಸ್ಕೆಡೊಸ್ಪೋರಿಯಂ ಎಂಬ ಬೇರೆ ಫಂಗಸ್‌ಗಳು ಕೂಡ ಹಾಗೆಯೇ ಕಾಣುತ್ತವೆ. ವಿನ್‌ಕ್ರಿಸ್ಟೀನ್ ಎಂಬ ಕೀಮೋ ಔಷಧಿ ನಡೆಯುತ್ತಿತ್ತು; ಅದರ ಜೊತೆ ಫಂಗಸ್ ಔಷಧಿ ವೊರಿಕೊನಜೋಲ್ ಸೇರಿದರೆ ನರಗಳಿಗೆ ಪೆಟ್ಟು ಎಂದು ಇನ್ನೊಂದು ಫಂಗಸ್ ಔಷಧಿ ಲೈಪೊಸೋಮಲ್ ಆಂಫೊಟೆರಿಸಿನ್ ಕೊಟ್ಟೆವು. ಗಂಟುಗಳು ಹೆಚ್ಚುತ್ತಲೇ ಹೋದವು. ಎರಡನೆಯ ಬಯಾಪ್ಸಿಯನ್ನು ಕಲ್ಚರಿಗೆ ಹಾಕಿದಾಗ ಹತ್ತಿಯಂಥ ಬೂದು ಕಾಲೊನಿ ಬೆಳೆಯಿತು: ಸ್ಕೆಡೊಸ್ಪೋರಿಯಂ. ಅದಕ್ಕೆ ಆಂಫೊಟೆರಿಸಿನ್ ಸಾಮಾನ್ಯವಾಗಿ ನಾಟುವುದಿಲ್ಲ, ನಾವು ದೂರವಿಟ್ಟ ವೊರಿಕೊನಜೋಲೇ ಬೇಕಿತ್ತು. ಅಷ್ಟರಲ್ಲಿ ಮೆದುಳಿನಲ್ಲಿ ಕೀವುಗಂಟು. ರೋಗಿ ಬದುಕಿದರು, ಬಲಗೈ ಮೊದಲಿನಂತಾಗಲಿಲ್ಲ.

ಹಾಗಾಗಿ, ಯಾವ ರಕ್ತಪರೀಕ್ಷೆ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗ್ಯಾಲಕ್ಟೊಮ್ಯಾನನ್ ಮುಖ್ಯವಾಗಿ ಆಸ್ಪರ್ಜಿಲಸ್‌ಗೆ. ಫಂಗಸ್ ಔಷಧಿ ಪೊಸಕೊನಜೋಲ್ ಮುಂಜಾಗ್ರತೆಗೆ ನಡೆಯುತ್ತಿದ್ದರೆ ಆಸ್ಪರ್ಜಿಲಸ್ ಇದ್ದೂ ಅದು ನೆಗೆಟಿವ್ ಬರಬಹುದು. ಮ್ಯೂಕರ್ ಎಂಬ ಇನ್ನೊಂದು ಫಂಗಸ್ ಅದಕ್ಕೂ ಸಿಗದು, ಬೀಟಾ ಡಿ ಗ್ಲುಕಾನ್ ಎಂಬ ಫಂಗಸ್ ರಕ್ತಪರೀಕ್ಷೆಗೂ ಸಿಗದು. ಬ್ಲಡ್ ಕಲ್ಚರ್ ಮಾತ್ರ ಬಿಡಬೇಡಿ, ಫ್ಯುಸೇರಿಯಂ ಅದರಲ್ಲಿ ಆಗಾಗ ಬೆಳೆಯುತ್ತದೆ. ರೋಗಿಯ ಕಾಲುಚೀಲ ತೆಗೆಸಿ ಬೆರಳಿನ ಉಗುರಿನ ಬುಡ ನೋಡಿ, ಬಾಯಿ ತೆರೆಸಿ ಅಂಗುಳ ನೋಡಿ. ಮೂಗಿನೊಳಗೆ ಕಪ್ಪು ಹೊಪ್ಪಳೆ ಕಂಡರೆ ಅದೇ ದಿನ ಇಎನ್‌ಟಿಯವರನ್ನು ಕರೆಸಿ.

ಗುಳ್ಳೆಯನ್ನು ಬಯಾಪ್ಸಿ ಮಾಡಿ, ಎರಡು ಡಬ್ಬಿಗೆ ಹಂಚಿ. ಹಸಿ ತುಣುಕನ್ನು ಕ್ಯಾಲ್ಕೊಫ್ಲೋರ್ ಎಂಬ ಬಣ್ಣ ಹಾಕಿ ನೋಡಿದರೆ ಎಳೆ ಮ್ಯೂಕರಿನಂತೆ ಅಗಲವೋ ಆಸ್ಪರ್ಜಿಲಸ್‌ನಂತೆ ಸಪೂರವೋ ಎಂಬುದು ಅಂದೇ ತಿಳಿಯುತ್ತದೆ. ಲ್ಯಾಬಿಗೆ ಚೀಟಿ ಸಾಲದು, ಫೋನ್ ಮಾಡಿ: ಮ್ಯೂಕರ್ ಶಂಕೆಯಿದ್ದರೆ ಅಂಗಾಂಶವನ್ನು ಅರೆಯಬಾರದು, ಸಣ್ಣಗೆ ಕತ್ತರಿಸಬೇಕು, ಬೆಳೆದದ್ದನ್ನು ಗಾಳಿಯಿಂದ ಬಿದ್ದ ಬೂಷ್ಟೆಂದು ಎಸೆಯಬಾರದು. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಕೊಟ್ಟು ಏರಿಸಿ, ನಾಳೆಯೇ ಮಾಡಿ. ಮೂರನೆಯ ಗ್ಯಾಲಕ್ಟೊಮ್ಯಾನನ್ ವರದಿಗೆ ಕಾಯಬೇಡಿ.