ಕಾರಿನ ಜಿಪಿಎಸ್‌ಗೆ ನಮ್ಮೂರ ಹಂಪ್, ಸಂಕ, ತಿರುವುಗಳನ್ನು ಕಲಿಸುವುದು ಹೇಗೆ?

ಪ್ರಶ್ನೆ: ನನ್ನ ಕಾರಿನಲ್ಲಿ ಗಾರ್ಮಿನ್ ಕಂಪೆನಿಯ ಹಳೆಯ ನುವಿ (ದಾರಿ ತೋರಿಸುವ ಜಿಪಿಎಸ್ ಉಪಕರಣ) ಇದೆ. ಬದಿಯಡ್ಕ, ಕುಂಬಳೆ, ಕಾಸರಗೋಡು ಸುತ್ತಿನ ಹಂಪ್, ಕಿರಿದಾದ ಸಂಕ, ಅಪಾಯದ ತಿರುವು ಎಲ್ಲ ಸೇರಿಸಿ 34 ಜಾಗಗಳ ಪಟ್ಟಿ ಮಾಡಿದೆ. ಗೂಗಲ್ ಮ್ಯಾಪ್‌ನಿಂದ ಅಂಕಿಗಳನ್ನು ತೆಗೆದು ಎಕ್ಸೆಲ್‌ನಲ್ಲಿ ಬರೆದು ಉಪಕರಣಕ್ಕೆ ತುಂಬಿಸಿದೆ. ಈಗ ಒಂದು ಜಾಗವೂ ಕಾಣುವುದಿಲ್ಲ, ಸದ್ದೂ ಬರುವುದಿಲ್ಲ. ಹಿಂದೆ ತುಂಬಿಸಿದ್ದ ಪೆಟ್ರೋಲ್ ಬಂಕ್‌ಗಳ ಪಟ್ಟಿಯೂ ಮಾಯವಾಗಿದೆ. ಎಲ್ಲಿ ತಪ್ಪಿದೆ?
– ಓದುಗರು, ಬದಿಯಡ್ಕ

ಉತ್ತರ: ನಿಮ್ಮದು ಎರಡು ಬೇರೆ ಬೇರೆ ತಪ್ಪು. ಬಂಕ್‌ಗಳ ಪಟ್ಟಿ ಹೋದದ್ದಕ್ಕೆ ಕಾರಣ ಸರಳ. ಜಾಗಗಳ ಪಟ್ಟಿಯನ್ನು ಕಂಪ್ಯೂಟರಿನಿಂದ ಉಪಕರಣಕ್ಕೆ ತುಂಬಿಸುವ ಗಾರ್ಮಿನ್‌ನ ಪಿಒಐ (ಪಾಯಿಂಟ್ ಆಫ್ ಇಂಟರೆಸ್ಟ್) ಲೋಡರ್ ತಂತ್ರಾಂಶ ನಿಮ್ಮ ಪಟ್ಟಿಯನ್ನು ಉಪಕರಣದ ‘ಪಿಒಐ’ ಫೋಲ್ಡರಿನಲ್ಲಿ ಒಂದೇ ಕಡತವಾಗಿ ಬರೆಯುತ್ತದೆ. ಮುಂದಿನ ಸಲ ತುಂಬಿಸುವಾಗ ಹಳೆಯದನ್ನು ಅಳಿಸಿ ಅದೇ ಹೆಸರಿನಲ್ಲಿ ಹೊಸದನ್ನು ಇಡುತ್ತದೆ. ಆದ್ದರಿಂದ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಮಾಡಿ, ಬಂಕ್, ಹಂಪ್, ಸಂಕ, ತಿರುವು ಎಂದು ಬೇರೆ ಬೇರೆ ಕಡತಗಳನ್ನು ಅದರೊಳಗೇ ಇಡಿ. ಪ್ರತಿ ಸಲವೂ ಇಡೀ ಫೋಲ್ಡರನ್ನೇ ತುಂಬಿಸಿ.

ಜಾಗಗಳು ಕಾಣದಿರುವುದಕ್ಕೆ ಕಾರಣ ಬಹುಮಟ್ಟಿಗೆ ಅಂಕಿಗಳ ಅದಲುಬದಲು. ಗೂಗಲ್ ಮ್ಯಾಪ್ ಅಕ್ಷಾಂಶವನ್ನು ಮೊದಲು ಕೊಡುತ್ತದೆ, ರೇಖಾಂಶ ಆಮೇಲೆ. ಗಾರ್ಮಿನ್‌ನ ಸಿಎಸ್‌ವಿ ಕಡತಕ್ಕೆ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಟ್ಟಿ) ರೇಖಾಂಶವೇ ಮೊದಲು ಬೇಕು. ನಮ್ಮ ಜಿಲ್ಲೆಯಲ್ಲಿ ನೆನಪಿಡುವುದು ಸುಲಭ: 74 ಅಥವಾ 75ರಿಂದ ಶುರುವಾಗುವ ಅಂಕಿ ಮುಂದೆ, 12ರಿಂದ ಶುರುವಾಗುವುದು ಹಿಂದೆ. ತಿರುಗಿಸಿ ಬರೆದರೆ ಕಾಸರಗೋಡು ಪೇಟೆ ನಾರ್ವೆಯ ಉತ್ತರಕ್ಕೆ, ಹಿಮಕರಡಿಗಳ ನಾಡಿನ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಇಲ್ಲಿಂದ ಏಳೂವರೆ ಸಾವಿರ ಕಿಲೋಮೀಟರಿಗೂ ದೂರ. ಹತ್ತಿರದ ಜಾಗಗಳನ್ನಷ್ಟೇ ಹುಡುಕುವ ಉಪಕರಣಕ್ಕೆ ಅವು ಸಿಗುವುದಾದರೂ ಹೇಗೆ?

ಒಂದು ಸಾಲು ಹೀಗಿರಬೇಕು:

74.98690,12.49960,"ಕಿರು ಸಂಕ@30","ಎದುರಿನ ಗಾಡಿಗೆ ದಾರಿ ಬಿಡಿ"

ಅಂಕಿಗಳು ಕಾಸರಗೋಡು ಪೇಟೆಯ ಸುಮಾರು ಸ್ಥಾನ, ಮಾದರಿಗಷ್ಟೇ ಕೊಟ್ಟದ್ದು. ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ, ಹೆಸರು, ಕೊನೆಗೆ ಬೇಕಿದ್ದರೆ ಟಿಪ್ಪಣಿ. ಇಲ್ಲಿ ಓದಲೆಂದು ಕನ್ನಡದಲ್ಲಿ ಕೊಟ್ಟಿದ್ದರೂ, ಹೆಸರು, ಟಿಪ್ಪಣಿಯನ್ನು ಕಡತದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ಹಳೆಯ ಉಪಕರಣಗಳಲ್ಲಿ ಕನ್ನಡ ಲಿಪಿ ಮೂಡುವುದಿಲ್ಲ ಎಂದೇ ಎಣಿಸಿಕೊಳ್ಳಿ. ಹೆಸರಿನೊಳಗೆ ಅಲ್ಪವಿರಾಮ ಬಂದರೆ ಉಪಕರಣ ಅದನ್ನು ಮುಂದಿನ ಕಾಲಂ ಎಂದು ತಿಳಿಯುತ್ತದೆ. ಹಾಗಾಗಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು ಕ್ಷೇಮ. ಎಕ್ಸೆಲ್‌ಗಿಂತ ನೋಟ್‌ಪ್ಯಾಡ್ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಆದರೆ ಉಳಿಸುವಾಗ ಹೆಸರಿನ ಕೊನೆಗೆ ಗುಟ್ಟಾಗಿ ‘ಟಿಎಕ್ಸ್‌ಟಿ’ ಸೇರಿಕೊಂಡಿದೆಯೇ ನೋಡಿ. ಸೇರಿದ್ದರೆ ಲೋಡರ್ ಆ ಕಡತವನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಮೋಸ ಡಿಗ್ರಿ, ಮಿನಿಟುಗಳದ್ದು. ಕೆಲವು ನಕ್ಷೆಗಳು 12 ಡಿಗ್ರಿ 30 ಮಿನಿಟು ಎಂದು ತೋರಿಸುತ್ತವೆ. ಅದನ್ನು 12.30 ಎಂದು ಬರೆದುಕೊಂಡರೆ ಕೆಟ್ಟಿತು. ಮಿನಿಟನ್ನು 60ರಿಂದ ಭಾಗಿಸಬೇಕು, ಅಂದರೆ 12.50. ಈ ಒಂದು ತಪ್ಪಿನಿಂದ ಜಾಗ 22 ಕಿಲೋಮೀಟರ್ ತೆಂಕಿಗೆ ಜಾರುತ್ತದೆ. ಕಾಸರಗೋಡು ಪೇಟೆಯ ಹಂಪ್ ಕಾಞಂಗಾಡಿನ ನೇರಕ್ಕೆ ಅರಬ್ಬೀ ಸಮುದ್ರದಲ್ಲಿರುತ್ತದೆ. ದಶಮಾಂಶದ ನಂತರ ಐದು ಅಂಕಿ ಇರಲಿ. ಐದಿದ್ದರೆ ನಿಖರತೆ ಸುಮಾರು ಒಂದು ಮೀಟರ್, ನಾಲ್ಕಿದ್ದರೆ 11 ಮೀಟರ್, ಮೂರೇ ಇದ್ದರೆ 110 ಮೀಟರ್.

ಈಗ ಸದ್ದಿನ ವಿಷಯ. ಪಟ್ಟಿ ತುಂಬಿಸಿದ ಮಾತ್ರಕ್ಕೆ ಉಪಕರಣ ಕೂಗುವುದಿಲ್ಲ. ಲೋಡರಿನಲ್ಲಿ ‘ಎಕ್ಸ್‌ಪ್ರೆಸ್’ ಬಿಟ್ಟು ‘ಮ್ಯಾನುಯಲ್’ ಆರಿಸಿ. ಆಗ ಅದು ಒಂದೊಂದು ಕಡತಕ್ಕೂ ಕೇಳುತ್ತದೆ: ನಿಗದಿತ ವೇಗ ಮೀರಿದಾಗ ಎಚ್ಚರಿಸಬೇಕೋ, ನಿಗದಿತ ದೂರಕ್ಕೆ ಬಂದಾಗ ಎಚ್ಚರಿಸಬೇಕೋ ಎಂದು. ಇಲ್ಲಿ ಅಳತೆ ಕಿಲೋಮೀಟರಿನಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಮೈಲಿಯಲ್ಲೇ ಬಿಟ್ಟರೆ ನೀವು ಬರೆದ 40 ಎಂಬುದು 64 ಕಿಲೋಮೀಟರ್ ಆಗುತ್ತದೆ. ಹಂಪಿನ ಮೇಲೆ ಹಾರಿದ ಮೇಲೂ ಉಪಕರಣ ಮೌನವಾಗಿಯೇ ಇರುತ್ತದೆ. ಹೆಸರಿನ ಕೊನೆಗೆ @30 ಎಂದು ಬರೆದರೆ ಆ ಒಂದು ಜಾಗಕ್ಕೆ ಮಾತ್ರ 30ರ ವೇಗಮಿತಿ ಅನ್ವಯಿಸುತ್ತದೆ. ಹಂಪ್, ಶಾಲೆ, ಸಂಕಗಳಿಗೆ ಈ ಬಗೆಯೇ ಹಿತ. ನಿಧಾನಕ್ಕೆ ಹೋಗುತ್ತಿದ್ದರೆ ಸುಮ್ಮನಿರುತ್ತದೆ, ಜೋರಾಗಿ ಹೋದರೆ ಮಾತ್ರ ಕೂಗುತ್ತದೆ. ದಿನಕ್ಕೆ ನಾಲ್ಕು ಸಲ ಅದೇ ದಾರಿಯಲ್ಲಿ ಓಡಾಡುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ದೂರದ ಎಚ್ಚರಿಕೆಯಲ್ಲಿ ಒಂದು ಮಿತಿ ಇದೆ. ಸಿಎಸ್‌ವಿ ಬಳಸಿದರೆ ಒಂದು ಕಡತಕ್ಕೆ ಒಂದೇ ದೂರ. ಆದ್ದರಿಂದ 150 ಮೀಟರಿನವು ಒಂದು ಕಡತ, 500 ಮೀಟರಿನವು ಇನ್ನೊಂದು ಕಡತ ಎಂದು ಒಡೆಯಿರಿ. ಒಂದೊಂದು ಜಾಗಕ್ಕೂ ಬೇರೆ ದೂರ ಬೇಕೆಂದರೆ ಜಿಪಿಎಕ್ಸ್ (ಜಿಪಿಎಸ್ ಬಿಂದುಗಳನ್ನು ಬರೆದಿಡುವ ಇನ್ನೊಂದು ಬಗೆಯ) ಕಡತ ಮಾಡಬೇಕು. ಅದರಲ್ಲಿ ದೂರವನ್ನು ಮೀಟರಿನಲ್ಲಿ ಬರೆಯುತ್ತಾರೆ.

ಎಷ್ಟು ದೂರ ಇಡಬೇಕು ಎಂಬುದಕ್ಕೆ ಲೆಕ್ಕ ಇದು. ಸದ್ದು ಕೇಳಿ, ಅದು ಯಾವುದರದ್ದೆಂದು ತಿಳಿದು, ಬ್ರೇಕ್ ಒತ್ತಿ ಸಾವಕಾಶ ವೇಗ ಇಳಿಸಲು ಹತ್ತು ಸೆಕೆಂಡ್ ಇದ್ದರೆ ಸಾಕು. 40ರಲ್ಲಿ ಹೋಗುವ ಕಾರು ಹತ್ತು ಸೆಕೆಂಡಿಗೆ 110 ಮೀಟರ್ ಸಾಗುತ್ತದೆ, 60ರಲ್ಲಿ 170, 80ರಲ್ಲಿ 220. ಉಪಕರಣ ಸೆಕೆಂಡಿಗೊಮ್ಮೆ ತನ್ನ ಸ್ಥಾನ ನೋಡಿಕೊಳ್ಳುವುದರಿಂದ 20–30 ಮೀಟರ್ ಹೆಚ್ಚೇ ಇಡಿ. ಕಿಲೋಮೀಟರ್ ಮೊದಲೇ ಕೂಗಿಸುವವರೂ ಇದ್ದಾರೆ. ಆ ಹೊತ್ತಿಗೆ ಕೇಳಿದ್ದು ಹಂಪ್ ಬರುವಷ್ಟರಲ್ಲಿ ಮರೆತಿರುತ್ತದೆ.

ಆದರೆ ದೂರಕ್ಕಿಂತ ಮುಖ್ಯವಾದದ್ದು ಬಿಂದುವನ್ನು ಎಲ್ಲಿ ಇಡುತ್ತೀರಿ ಎಂಬುದು. ಹೆಚ್ಚಿನವರು ತೊಂದರೆ ಇರುವ ಜಾಗದಲ್ಲೇ ಬಿಂದು ಇಡುತ್ತಾರೆ. ನಾವು ಹೇಳುವುದು, ಚಾಲಕ ತೀರ್ಮಾನ ತೆಗೆದುಕೊಳ್ಳಬೇಕಾದ ಜಾಗದಲ್ಲಿ ಇಡಿ ಎಂದು. ಹಂಪಿಗೆ ಎರಡೂ ಒಂದೇ. ಮಳೆಗಾಲದಲ್ಲಿ ನೀರು ಏರುವ ದಾರಿಗೆ ಹಾಗಲ್ಲ. ಮಧುವಾಹಿನಿ ಉಕ್ಕಿ ಮಧೂರು ದೇವಸ್ಥಾನಕ್ಕೆ ನೀರು ನುಗ್ಗುವ ದಿನಗಳಲ್ಲಿ, ನೀರಿನ ಅಂಚಿಗೆ ಬಂದ ಮೇಲೆ ಕೂಗಿ ಏನು ಫಲ? ಬೇರೆ ದಾರಿ ಹಿಡಿಯಬಹುದಾದ ಕೊನೆಯ ಕವಲಿನಲ್ಲಿ ಬಿಂದು ಇರಬೇಕು. ರೈಲ್ವೆ ಗೇಟಿಗೂ ಹೀಗೆಯೇ. ಮಳೆಗಾಲದವುಗಳನ್ನು ಪ್ರತ್ಯೇಕ ಕಡತದಲ್ಲಿಟ್ಟು ಜೂನ್‌ಗೆ ಸೇರಿಸಿ, ಅಕ್ಟೋಬರ್ ಕಳೆದ ಮೇಲೆ ಫೋಲ್ಡರಿನಿಂದ ತೆಗೆದು ಮತ್ತೆ ತುಂಬಿಸಿ.

ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಷಟ್ಪಥದಲ್ಲಿ ಈ ಮಾತು ಇನ್ನೂ ನಿಜ. ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಇಳಿಯುವ ಬಾಯಿ ತಪ್ಪಿಸಿಕೊಂಡರೆ ಕುಂಬಳೆಗೆ ಹೊರಟವರು ಕುಂಬಳೆಯನ್ನು ಪಕ್ಕದಲ್ಲೇ ನೋಡುತ್ತ ಮುಂದೆ ಹೋಗುತ್ತಾರೆ. ಆದ್ದರಿಂದ ಬಿಂದುವನ್ನು ಪೇಟೆಯಲ್ಲಿ ಇಡಬೇಡಿ. ಇಳಿಯುವ ಬಾಯಿಯಲ್ಲಿಟ್ಟು 500 ಮೀಟರ್ ದೂರ ಕೊಡಿ. 80ರಲ್ಲಿ ಅದು 22 ಸೆಕೆಂಡ್, ಎಡಕ್ಕೆ ಸರಿಯಲು ಧಾರಾಳ ಸಾಕು. ಹೋಗುವಾಗಿನ ಬಾಯಿ ಬೇರೆ, ಬರುವಾಗಿನದು ಬೇರೆ. ಉಪಕರಣ ಬಿಂದುವಿನ ಸುತ್ತ ಒಂದು ವೃತ್ತ ಎಳೆದು ಅದರೊಳಗೆ ಬಂದಿರೋ ಎಂದು ನೋಡುವುದರಿಂದ ಎರಡೂ ಕಡೆ ಎರಡೂ ಕೂಗಬಹುದು. ಹೆಸರಿನ ಮೊದಲ ಪದವೇ ‘ತೆಂಕು’ ಅಥವಾ ‘ಬಡಗು’ ಎಂದಿರಲಿ. ಪರದೆಯತ್ತ ಒಮ್ಮೆ ಕಣ್ಣು ಹಾಯಿಸಿದರೆ ನಿಮ್ಮದೋ ಅಲ್ಲವೋ ತಿಳಿಯುತ್ತದೆ.

ಇದೇ ವೃತ್ತದ ಕಾರಣಕ್ಕೆ ಸರ್ವಿಸ್ ರಸ್ತೆಯ ಹಂಪ್‌ಗಳನ್ನು ಪಟ್ಟಿಯಿಂದ ಕೈಬಿಡಿ. ಇಡೀ ಹೆದ್ದಾರಿಯ ಅಗಲವೇ 45 ಮೀಟರ್. 150 ಮೀಟರಿನ ವೃತ್ತ ಮುಖ್ಯ ರಸ್ತೆ, ಸರ್ವಿಸ್ ರಸ್ತೆ ಎರಡನ್ನೂ ನುಂಗುತ್ತದೆ. ನೀವು ಮುಖ್ಯ ರಸ್ತೆಯಲ್ಲಿ 80ರಲ್ಲಿ ಹೋಗುವಾಗ ಪಕ್ಕದ ಹಂಪಿಗೆಲ್ಲ ಅದು ಕೂಗುತ್ತದೆ. ಕಾಸರಗೋಡು ಪೇಟೆಯ ಮೇಲ್ಸೇತುವೆಯಲ್ಲೂ ಅಷ್ಟೇ, ಮೇಲಿದ್ದೀರೋ ಕೆಳಗಿದ್ದೀರೋ ಎಂದು ಈ ಎಚ್ಚರಿಕೆಗೆ ತಿಳಿಯದು. ಗುಡ್ಡದ ಸುತ್ತು ದಾರಿಗಳಲ್ಲಿ ಬೇರೊಂದು ಬಗೆ: ನೇರ ಗೆರೆಯಲ್ಲಿ 150 ಮೀಟರ್ ಇರುವ ತಿರುವು ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಆಚೆ ಇರಬಹುದು. ಅಂಥಲ್ಲಿ ದೂರವನ್ನು 80 ಮೀಟರಿಗೆ ಇಳಿಸಿ, ಬಿಂದುವನ್ನು ನೀವು ಬರುವ ಕಡೆಗೆ ಹಿಂದಕ್ಕೆ ಸರಿಸಿ.

ಕೊನೆಗೆ ಎರಡು ಸಣ್ಣ ಸಂಗತಿ. ಉಪಕರಣದಲ್ಲೇ ಉಳಿಸಿಟ್ಟ ಮೆಚ್ಚಿನ ಜಾಗಗಳು ತಾವಾಗಿ ಕೂಗುವುದಿಲ್ಲ. ಅವನ್ನೂ ಲೋಡರ್ ಮೂಲಕವೇ ತುಂಬಿಸಬೇಕು. ಮತ್ತು ಕೆಲವು ಮಾದರಿಗಳು ಪಟ್ಟಿಯ ಹೆಸರಿನದ್ದೇ ಧ್ವನಿ ಕಡತವನ್ನು ಅದೇ ಫೋಲ್ಡರಿನಲ್ಲಿಟ್ಟರೆ ‘ಟಿಂಗ್’ ಎನ್ನುವ ಬದಲು ಅದನ್ನು ನುಡಿಸುತ್ತವೆ. ‘ಹಂಪ್ ಉಂಟು, ಮೆಲ್ಲ’ ಎಂದು ಮನೆಯವರ ದನಿಯಲ್ಲಿ ಮುದ್ರಿಸಿ ಹಾಕಿ ನೋಡಿ. ಎರಡು ಸೆಕೆಂಡಿಗಿಂತ ಉದ್ದ ಬೇಡ.

ಪ್ರಶ್ನೆ: ಪ್ರತ್ಯೇಕ ಉಪಕರಣವಿಲ್ಲ, ಫೋನ್ ಮಾತ್ರ. ಇದೇ ಕೆಲಸ ಆಗುತ್ತದೆಯೇ?
– ಓದುಗರು, ಮಂಜೇಶ್ವರ

ಉತ್ತರ: ಆಗುತ್ತದೆ. ಗೂಗಲ್ ಮ್ಯಾಪ್‌ನಲ್ಲಿ ಉಳಿಸಿದ ಜಾಗಗಳು ಹೀಗೆ ಕೂಗುವುದಿಲ್ಲ. ಓಸ್ಮ್ಯಾಂಡ್ ಎಂಬ ನಕ್ಷೆಯ ಆ್ಯಪ್ ಹಾಕಿಕೊಳ್ಳಿ, ಕೇರಳ ಮತ್ತು ಕರ್ನಾಟಕ ಎರಡರ ನಕ್ಷೆಯನ್ನೂ ಇಳಿಸಿಕೊಳ್ಳಿ. ಒಂದನ್ನೇ ಇಳಿಸಿಕೊಂಡರೆ ತಲಪಾಡಿ ದಾಟುತ್ತಲೇ ಪರದೆ ಬರಿದಾಗುತ್ತದೆ. ಜಾಗಗಳನ್ನು ‘ಫೇವರಿಟ್’ ಆಗಿ ಉಳಿಸಿ ಅಥವಾ ಜಿಪಿಎಕ್ಸ್ ಕಡತದಿಂದ ಒಮ್ಮೆಗೇ ತನ್ನಿ. ಬಳಿಕ ಡ್ರೈವಿಂಗ್ ಪ್ರೊಫೈಲಿನ ನ್ಯಾವಿಗೇಶನ್ ಸೆಟ್ಟಿಂಗ್‌ನೊಳಗೆ ಧ್ವನಿ ಸೂಚನೆಗಳಿಗೆ ಹೋಗಿ, ಹತ್ತಿರದ ಫೇವರಿಟ್‌ಗಳನ್ನು ಹೇಳುವ ಗುಂಡಿ ಒತ್ತಿ. ನೆನಪಿಡಿ, ನ್ಯಾವಿಗೇಶನ್ ಶುರು ಮಾಡಿದ್ದರೆ ಮಾತ್ರ ಅದು ಮಾತಾಡುತ್ತದೆ. ನಕ್ಷೆ ತೆರೆದಿಟ್ಟರೆ ಸಾಲದು. ಫೋನಿನ ಬ್ಯಾಟರಿ ಉಳಿತಾಯ ವ್ಯವಸ್ಥೆ ಪರದೆ ಆರಿದ ಕೂಡಲೇ ಆ್ಯಪನ್ನು ಮಲಗಿಸುತ್ತದೆ, ಅದರಿಂದ ಇದಕ್ಕೆ ವಿನಾಯಿತಿ ಕೊಡಿ.

ಪ್ರಶ್ನೆ: ಅಡಿಕೆ ಸಾಗಿಸುವ ಪಿಕಪ್‌ಗೆ ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದೇವೆ. ಗಡಿ ದಾಟಿದಾಗ ಮೆಸೇಜ್ ಬರಲೆಂದು ಅಡ್ಕಸ್ಥಳದಲ್ಲಿ 100 ಮೀಟರಿನ ಜಿಯೋಫೆನ್ಸ್ (ನಕ್ಷೆಯಲ್ಲಿ ಎಳೆದ ಬೇಲಿ) ಮಾಡಿದೆ. ಒಮ್ಮೆ ಬರುತ್ತದೆ, ಇನ್ನೊಮ್ಮೆ ಇಲ್ಲ. ಮನೆಯಲ್ಲಿ ನಿಲ್ಲಿಸಿದ ರಾತ್ರಿ ಮಾತ್ರ ‘ಹೊರಟಿತು, ಬಂತು’ ಎಂದು ಹತ್ತಾರು ಮೆಸೇಜ್!
– ಓದುಗರು, ಪೆರ್ಲ

ಉತ್ತರ: ಟ್ರ್ಯಾಕರ್ ಕಾರಿನ ಜಿಪಿಎಸ್‌ನಂತೆ ಪ್ರತಿ ಸೆಕೆಂಡಿನ ಲೆಕ್ಕ ಕಳಿಸುವುದಿಲ್ಲ. 30 ಸೆಕೆಂಡಿಗೊಮ್ಮೆ ಕಳಿಸುವಂತೆ ಇಟ್ಟಿದ್ದರೆ, 60ರಲ್ಲಿ ಓಡುವ ಪಿಕಪ್ ಎರಡು ವರದಿಗಳ ನಡುವೆ 500 ಮೀಟರ್ ಸಾಗಿರುತ್ತದೆ. ನಿಮ್ಮ ವೃತ್ತದ ಅಡ್ಡಳತೆ 200 ಮೀಟರ್, ದಾಟಲು 12 ಸೆಕೆಂಡ್ ಸಾಕು. ಗಾಡಿ ವೃತ್ತದೊಳಗೆ ಇದ್ದದ್ದೇ ಸರ್ವರ್‌ಗೆ ಗೊತ್ತಾಗುವುದಿಲ್ಲ. ತ್ರಿಜ್ಯವನ್ನು 400 ಮೀಟರಿಗೆ ಏರಿಸಿ, ಇಲ್ಲವೇ ವರದಿಯ ಅಂತರವನ್ನು 10 ಸೆಕೆಂಡಿಗೆ ಇಳಿಸಿ. ಅದಕ್ಕಿಂತ ಒಳ್ಳೆಯದು, ಗಡಿಯ ಮೇಲೆ ಸಣ್ಣ ವೃತ್ತ ಬಿಟ್ಟು ಗಡಿಯಾಚೆ ಗಾಡಿ ಓಡಾಡುವ ಪ್ರದೇಶವನ್ನೇ ಬಹುಭುಜವಾಗಿ ಎಳೆಯುವುದು. ಒಳಗೆ ಹೋದ ಮೇಲೆ ಯಾವಾಗ ವರದಿ ಬಂದರೂ ಮೆಸೇಜ್ ತಪ್ಪುವುದಿಲ್ಲ, ಅರ್ಧ ನಿಮಿಷ ತಡವಾಗಬಹುದು ಅಷ್ಟೆ. ನೆಟ್‌ವರ್ಕ್ ಸಿಗದ ಕಡೆ ಟ್ರ್ಯಾಕರ್ ಲೆಕ್ಕವನ್ನು ಕೂಡಿಟ್ಟು ಆಮೇಲೆ ಕಳಿಸುತ್ತದೆ. ಆದ್ದರಿಂದ ಮೆಸೇಜ್ ಬಂದ ಹೊತ್ತನ್ನು ನೋಡಬೇಡಿ, ಅದರೊಳಗೆ ಬರೆದ ಹೊತ್ತನ್ನು ನೋಡಿ.

ರಾತ್ರಿಯ ಕಾಟಕ್ಕೆ ಕಾರಣ ನಿಂತ ಗಾಡಿಯ ಸ್ಥಾನ ಅಲ್ಲಾಡುವುದು. ತಗಡಿನ ಮಾಡು, ತೋಟದ ಮರಗಳ ಕೆಳಗೆ ಅದು ಹತ್ತಿಪ್ಪತ್ತು ಮೀಟರ್ ಅತ್ತಿತ್ತ ಜಿಗಿಯುತ್ತದೆ. ಗಾಡಿ ವೃತ್ತದ ಅಂಚಿನಲ್ಲಿ ನಿಂತಿದ್ದರೆ ಪ್ರತಿ ಜಿಗಿತಕ್ಕೂ ಒಂದು ಮೆಸೇಜ್. ವೃತ್ತದ ಕೇಂದ್ರವನ್ನು ಗಾಡಿ ನಿಲ್ಲಿಸುವ ಜಾಗಕ್ಕೇ ತನ್ನಿ, ತ್ರಿಜ್ಯ 100 ಮೀಟರಿಗಿಂತ ಕಡಿಮೆ ಬೇಡ.

ಪ್ರಶ್ನೆ: ಕೇರಳದ ಎಐ ಕ್ಯಾಮೆರಾಗಳನ್ನೂ ವೇಗದ ಎಚ್ಚರಿಕೆಯ ಪಟ್ಟಿಗೆ ಸೇರಿಸಬಹುದೇ?
– ಓದುಗರು, ಉಪ್ಪಳ

ಉತ್ತರ: ಸೇರಿಸಿ ಹೆಚ್ಚಿನ ಲಾಭವಿಲ್ಲ. 2023ರ ಜೂನ್ 5ರಿಂದ ದಂಡ ಹಾಕತೊಡಗಿದ ಆ ಯೋಜನೆಯ 726 ಕ್ಯಾಮೆರಾಗಳಲ್ಲಿ 675 ನೋಡುವುದು ಸೀಟ್ ಬೆಲ್ಟ್, ಹೆಲ್ಮೆಟ್, ಕೈಯಲ್ಲಿನ ಫೋನ್ ಇಂಥವನ್ನು. ವೇಗ ಅಳೆಯಲೆಂದು ಇಟ್ಟದ್ದು ಎಂಟು. ಅದರಲ್ಲಿ ನಾಲ್ಕು ವಾಹನದ ಮೇಲಿದ್ದು ಜಾಗ ಬದಲಿಸುವಂಥವು, ಅವುಗಳಿಗೆ ಬಿಂದು ಇಡಲಾಗದು. ಆ 675 ನೋಡುವ ಸೀಟ್ ಬೆಲ್ಟಿನ ಎಚ್ಚರಿಕೆಯನ್ನು ಬೆಲ್ಟ್ ಹಾಕದಿದ್ದಾಗ ಕೂಗುವ ಕಾರಿನ ಬಜರ್ ಆಗಲೇ ಕೊಡುತ್ತಿದೆ.